ಮುದ್ರಿತ ಲೋಹದ ದಣಿವು ಮತ್ತು ಬಿರುಕು ಪರೀಕ್ಷೆ: ಪರೀಕ್ಷಾ ತುಂಡು ಮಾಡಿಸುವುದರಿಂದ ವರದಿ ಬರೆಯುವವರೆಗೆ

ಪೊನ್ನಂಪೇಟೆ ಮತ್ತು ಕುಶಾಲನಗರದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ಪ್ರಾಜೆಕ್ಟ್ ಕಾಲದಲ್ಲಿ ಬರುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ. ಕಾಫಿ ತೋಟದಲ್ಲಿ ಕಳೆ ಕೊಚ್ಚುವ ಯಂತ್ರಕ್ಕೋ ಔಷಧಿ ಸಿಂಪಡಿಸುವ ಪಂಪಿಗೋ ಬೇಕಾದ ಬ್ರಾಕೆಟ್ಟನ್ನು ಲೋಹದ ತ್ರೀಡಿ ಮುದ್ರಣದಲ್ಲಿ ಮಾಡಿಸಿಕೊಂಡಿರುತ್ತಾರೆ. ಎಳೆದು ಮುರಿಯುವ ಟೆನ್ಸೈಲ್ ಪರೀಕ್ಷೆಯಲ್ಲಿ ಅದು ಎರಕದ ಭಾಗಕ್ಕಿಂತ ಗಟ್ಟಿ ಎಂದು ಬಂದಿರುತ್ತದೆ. ಹಾಗಾದರೆ ಅದನ್ನು ಯಂತ್ರಕ್ಕೆ ಕೂರಿಸಬಹುದೇ, ಕೂರಿಸಿದರೆ ಎಷ್ಟು ಕಾಲ ಬಾಳುತ್ತದೆ ಎಂದು ಕೇಳುತ್ತಾರೆ. ಟೆನ್ಸೈಲ್ ಪರೀಕ್ಷೆಯಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ನಿಮಿಷಕ್ಕೆ 7,000 ಸುತ್ತು ತಿರುಗುವ ಎಂಜಿನ್ನಿನ ಪಕ್ಕದಲ್ಲಿರುವ ಬ್ರಾಕೆಟ್ ಸುತ್ತಿಗೊಮ್ಮೆ ಅದುರಿದರೂ 1 ಕೋಟಿ ಅದುರುವಿಕೆಗಳು ಸುಮಾರು 24 ಗಂಟೆಗಳ ಓಟದಲ್ಲಿ ಮುಗಿದುಹೋಗುತ್ತವೆ. ದಿನಕ್ಕೆ ಆರು ಗಂಟೆ ಕಳೆ ಕೊಚ್ಚಿದರೆ ಅದು ನಾಲ್ಕು ದಿನದ ಕೆಲಸ.

ಒಂದೇ ಬಾರಿಗೆ ಮುರಿಯಲಾರದ ಸಣ್ಣ ಹೊರೆ ಲಕ್ಷಾಂತರ ಬಾರಿ ಮರುಕಳಿಸಿ ಲೋಹವನ್ನು ಮುರಿಯುವುದಕ್ಕೆ ದಣಿವು ಅಥವಾ ಫಟೀಗ್ ಎನ್ನುತ್ತಾರೆ. ಅದನ್ನು ಅಳೆಯಲು ಎರಡು ದಾರಿಗಳಿವೆ. ಪರೀಕ್ಷೆಗೆಂದೇ ಮಾಡಿಸಿದ ನಯವಾದ ತುಂಡು ಎಷ್ಟು ಸೈಕಲ್ಲಿಗೆ, ಅಂದರೆ ಹೊರೆ ಎಷ್ಟು ಬಾರಿ ಏರಿ ಇಳಿದರೆ, ಮುರಿಯುತ್ತದೆ ಎಂದು ಎಣಿಸುವುದು ಎಸ್-ಎನ್ ಪರೀಕ್ಷೆ. ಈಗಾಗಲೇ ಇರುವ ಬಿರುಕು ಪ್ರತಿ ಸೈಕಲ್ಲಿಗೆ ಎಷ್ಟು ಉದ್ದ ಬೆಳೆಯುತ್ತದೆ ಎಂದು ಅಳೆಯುವುದು ಬಿರುಕು ಬೆಳವಣಿಗೆಯ ಪರೀಕ್ಷೆ. ಫೋರ್ಜಿಂಗ್ ಅಥವಾ ಬಾರಿನಿಂದ ಕಡಿದ ಲೋಹದಲ್ಲಿ ಇವುಗಳ ಫಲಿತಾಂಶವನ್ನು ಆ ಮಿಶ್ರಲೋಹದ ಗುಣವೆಂದು ಹೇಳುವುದು ಬಹುಮಟ್ಟಿಗೆ ಸರಿ. ಮುದ್ರಿತ ಲೋಹದಲ್ಲಿ ಫಲಿತಾಂಶವು ಆ ತುಂಡು ಹುಟ್ಟಿ ಬೆಳೆದ ರೀತಿಗೆ ಸೇರಿದ್ದು: ಯಾವ ಪುಡಿ, ಯಾವ ದಿಕ್ಕು, ಯಾವ ಹೀಟ್ ಟ್ರೀಟ್‌ಮೆಂಟ್, ಯಾವ ಮೇಲ್ಮೈ. ಆದ್ದರಿಂದ ಪ್ರತಿ ತುಂಡಿಗೂ ಒಂದು ಜಾತಕ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಬಂದ ಅಂಕಿಯನ್ನು ಬೇರೆ ಯಾರ ಅಂಕಿಯೊಂದಿಗೂ ಹೋಲಿಸಲಾಗದು.

ಇಲ್ಲಿ ಹೇಳುವುದೆಲ್ಲ ಲೋಹದ ಪುಡಿಯನ್ನು ತೆಳುವಾಗಿ ಹರಡಿ ಲೇಸರಿನಿಂದ ಪದರ ಪದರವಾಗಿ ಕರಗಿಸುವ ವಿಧಾನಕ್ಕೆ, ಅಂದರೆ ಲೇಸರ್ ಪೌಡರ್ ಬೆಡ್ ಫ್ಯೂಷನ್ನಿಗೆ ಸಂಬಂಧಿಸಿದ್ದು. ಉದಾಹರಣೆಗೆ ಎಎಲ್‌ಎಸ್‌ಐ10ಎಂಜಿ ಎಂಬ ಅಲ್ಯೂಮಿನಿಯಂ ಮಿಶ್ರಲೋಹವನ್ನೂ, ಅಲ್ಲಲ್ಲಿ ಟೈಟಾನಿಯಂ 6-4 ಮಿಶ್ರಲೋಹವನ್ನೂ ತೆಗೆದುಕೊಂಡಿದ್ದೇನೆ.

ಮೊದಲು ಕೈಯಲ್ಲಿ ಇರಬೇಕಾದದ್ದು

ಎಎಸ್‌ಟಿಎಂ ಸಂಸ್ಥೆಯ ನಾಲ್ಕು ಮಾನದಂಡಗಳನ್ನು ಕಾಲೇಜಿನ ಗ್ರಂಥಾಲಯದ ಮೂಲಕ ತರಿಸಿಕೊಳ್ಳಿ: ಎಸ್-ಎನ್ ಪರೀಕ್ಷೆಗೆ ಇ466, ಅದರ ಅಂಕಿಗಳ ವಿಶ್ಲೇಷಣೆಗೆ ಇ739, ಬಿರುಕು ಬೆಳವಣಿಗೆಗೆ ಇ647, ಯಂತ್ರದ ನೇರಗತಿ ಪರಿಶೀಲನೆಗೆ ಇ1012. ಮುದ್ರಣದ ದಿಕ್ಕುಗಳನ್ನು ಹೆಸರಿಸುವ ಕ್ರಮ ಐಎಸ್‌ಒ-ಎಎಸ್‌ಟಿಎಂ 52921ರಲ್ಲಿದೆ. ಸರ್ವೋ-ಹೈಡ್ರಾಲಿಕ್ ಯಂತ್ರಕ್ಕೆ, ಅಂದರೆ ಎಣ್ಣೆಯ ಒತ್ತಡದಿಂದ ಎಳೆದು ತಳ್ಳುವ, ಗಣಕ ನಿಯಂತ್ರಿಸುವ ಯಂತ್ರಕ್ಕೆ, ಬೆಂಗಳೂರು ಅಥವಾ ಸುರತ್ಕಲ್ ಕಡೆಯ ಪ್ರಯೋಗಾಲಯವನ್ನು ಮುಂಚಿತವಾಗಿ ಕೇಳಿ ಸಮಯ ಗೊತ್ತುಮಾಡಿಕೊಳ್ಳಿ. ತುಂಡುಗಳ ಅಳತೆಯನ್ನು ಆ ಯಂತ್ರದ ಗ್ರಿಪ್, ಅಂದರೆ ತುಂಡನ್ನು ಹಿಡಿದುಕೊಳ್ಳುವ ಹಿಡಿಕೆ, ನೋಡಿಯೇ ನಿರ್ಧರಿಸಿ. ಮುದ್ರಿಸಿದ ಮೇಲೆ ಗ್ರಿಪ್ಪಿಗೆ ಕೂರದ ತುಂಡನ್ನು ಸರಿಪಡಿಸುವ ದಾರಿ ಇಲ್ಲ.

ಹಂತ 1: ಪ್ರಶ್ನೆಯನ್ನು ಚಿಕ್ಕದು ಮಾಡಿ

ಒಂದು ಮಿಶ್ರಲೋಹ, ಒಂದು ಮುದ್ರಣ ಯಂತ್ರ, ಒಂದು ಹೀಟ್ ಟ್ರೀಟ್‌ಮೆಂಟ್, ಎರಡು ದಿಕ್ಕು. ವಿದ್ಯಾರ್ಥಿ ಪ್ರಾಜೆಕ್ಟಿಗೆ ಇಷ್ಟೇ ಸಾಕು. ಲೇಸರಿನ ಶಕ್ತಿ, ವೇಗ, ಪದರದ ದಪ್ಪ ಎಲ್ಲವನ್ನೂ ಬದಲಿಸಿ ಪ್ರತಿಯೊಂದಕ್ಕೂ ಎರಡೆರಡು ತುಂಡು ಮುರಿದರೆ ಕೊನೆಗೆ ಉಳಿಯುವುದು ಚದುರಿದ ಚುಕ್ಕೆಗಳು ಮಾತ್ರ. ಏಕೆಂದರೆ ಒಂದೇ ಬಗೆಯ ತುಂಡುಗಳೇ ಒಂದೇ ಹೊರೆಯಲ್ಲಿ ಹತ್ತು ಪಟ್ಟು ವ್ಯತ್ಯಾಸದ ಆಯುಸ್ಸು ತೋರಿಸುವುದು ಮುದ್ರಿತ ಲೋಹದಲ್ಲಿ ಅಪರೂಪವಲ್ಲ.

ಇ739ರ ಪ್ರಕಾರ ಪ್ರಾಥಮಿಕ ಅಧ್ಯಯನಕ್ಕೆ 6ರಿಂದ 12 ತುಂಡು, ವಿನ್ಯಾಸಕ್ಕೆ ಬಳಸುವ ಅಂಕಿಗೆ 12ರಿಂದ 24 ತುಂಡು ಬೇಕು. ನನ್ನ ಸಲಹೆ ದಿಕ್ಕಿಗೆ 12 ತುಂಡು, ನಾಲ್ಕು ಹೊರೆ ಮಟ್ಟ, ಮಟ್ಟಕ್ಕೆ ಮೂರು. ಬಿರುಕು ಪರೀಕ್ಷೆಗೆ ದಿಕ್ಕಿಗೆ ಮೂರು ತುಂಡು ಸಾಕು. ಇಷ್ಟರಲ್ಲಿ ‘ದಣಿವಿನ ಮಿತಿ’ಯನ್ನು ಕಂಡುಹಿಡಿದೆವು ಎಂದು ಬರೆಯಬೇಡಿ. ಅದಕ್ಕೆ ಹೊರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುವ ಪ್ರತ್ಯೇಕ ವಿಧಾನವಿದ್ದು, ಅದು ಹೆಚ್ಚು ತುಂಡುಗಳನ್ನು ಬೇಡುತ್ತದೆ. ಅಲ್ಲದೆ ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ ಸ್ಪಷ್ಟವಾದ ಮಿತಿಯೇ ಇರುವುದಿಲ್ಲ. ‘1 ಕೋಟಿ ಸೈಕಲ್ಲಿನಲ್ಲಿ ದಣಿವಿನ ಬಲ’ ಎಂದು ಬರೆಯುವುದು ಪ್ರಾಮಾಣಿಕವಾದ ರೀತಿ.

ಹಂತ 2: ತುಂಡುಗಳನ್ನು ಮುದ್ರಿಸುವಾಗ

ಪದರಗಳು ಪೇರಿಸಿಕೊಂಡು ಹೋಗುವ ಮೇಲ್ಮುಖ ದಿಕ್ಕಿಗೆ ಝಡ್ ಎಂದು ಹೆಸರು. ಪದರದ ಸಮತಲದಲ್ಲಿರುವ ದಿಕ್ಕುಗಳು ಎಕ್ಸ್ ಮತ್ತು ವೈ. ಬಿರುಕು ಪರೀಕ್ಷೆಯ ತುಂಡಿಗೆ ಎರಡು ಅಕ್ಷರಗಳು ಬೇಕು: ಮೊದಲನೆಯದು ಹೊರೆಯ ದಿಕ್ಕು, ಎರಡನೆಯದು ಬಿರುಕು ಓಡುವ ದಿಕ್ಕು. ಝಡ್-ಎಕ್ಸ್ ಎಂದರೆ ಪದರಗಳನ್ನು ಒಂದರಿಂದೊಂದು ಬಿಡಿಸುವಂತೆ ಎಳೆಯುವುದು ಮತ್ತು ಬಿರುಕು ಪದರದ ಗುಂಟ ಓಡುವುದು. ಸರಿಯಾಗಿ ಕರಗದೆ ಉಳಿದ ಚಪ್ಪಟೆ ದೋಷಗಳು ಪದರದ ಸಮತಲದಲ್ಲಿಯೇ ಮಲಗಿರುವುದರಿಂದ ಝಡ್ ದಿಕ್ಕಿನ ಹೊರೆಗೆ ಅವು ಅತ್ಯಂತ ಅಪಾಯಕಾರಿ. ಒಂದೇ ದಿಕ್ಕನ್ನು ಪರೀಕ್ಷಿಸಲು ಹಣವಿದ್ದರೆ ಝಡ್ ದಿಕ್ಕನ್ನೇ ಆರಿಸಿಕೊಳ್ಳಿ.

ಮುದ್ರಿಸಿಕೊಡುವವರಿಂದ ಪಡೆಯಬೇಕಾದ ದಾಖಲೆ ಇದು: ಪುಡಿಯ ಬ್ಯಾಚ್ ಸಂಖ್ಯೆ, ಅದನ್ನು ಹಿಂದೆ ಎಷ್ಟು ಬಾರಿ ಬಳಸಲಾಗಿದೆ, ಪದರದ ದಪ್ಪ, ಲೇಸರಿನ ಶಕ್ತಿ ಮತ್ತು ವೇಗ, ಲೇಸರ್ ಓಡುವ ಗೆರೆಗಳ ನಡುವಿನ ಅಂತರ, ತುಂಡುಗಳು ಬೆಳೆಯುವ ತಳದ ಪ್ಲೇಟನ್ನು (ಬಿಲ್ಡ್ ಪ್ಲೇಟ್) ಎಷ್ಟು ಬಿಸಿ ಮಾಡಲಾಗಿತ್ತು ಎಂಬುದು. ಬಿಲ್ಡ್ ಪ್ಲೇಟಿನ ಮೇಲೆ ಪ್ರತಿ ತುಂಡು ಎಲ್ಲಿ ನಿಂತಿತ್ತು ಎಂಬ ನಕ್ಷೆಯನ್ನೂ ಕೇಳಿ. ಯಂತ್ರದೊಳಗೆ ಬೀಸುವ ಆರ್ಗಾನ್ ಅನಿಲವು ಕರಗಿದ ಲೋಹದ ಸಿಡಿತಗಳನ್ನು ಒಂದು ಪಕ್ಕಕ್ಕೆ ಒಯ್ಯುವುದರಿಂದ ಆ ಪಕ್ಕದ ತುಂಡುಗಳಲ್ಲಿ ದೋಷ ಹೆಚ್ಚಿರಬಹುದು. ನಕ್ಷೆಯಿದ್ದರೆ ಮಾತ್ರ ಇದು ಆಮೇಲೆ ಪತ್ತೆಯಾಗುತ್ತದೆ.

ತೇವಾಂಶದ ಬಗ್ಗೆ ನಮ್ಮ ಕಡೆಯವರು ವಿಶೇಷ ಎಚ್ಚರ ವಹಿಸಬೇಕು. ಅಲ್ಯೂಮಿನಿಯಂ ಪುಡಿ ತೇವ ಹೀರಿಕೊಂಡರೆ ಕರಗುವಾಗ ಆ ನೀರಿನಿಂದ ಹೈಡ್ರೋಜನ್ ಬಿಡುಗಡೆಯಾಗಿ ದುಂಡನೆಯ ರಂಧ್ರಗಳಾಗುತ್ತವೆ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಪುಡಿಯ ಡಬ್ಬಿಯನ್ನು ತೆರೆದಿಡುವ ಮಾತೇ ಬೇಡ. ನೀವೇ ಪುಡಿ ಖರೀದಿಸಿ ಮುದ್ರಣಕ್ಕೆ ಕೊಡುವುದಾದರೆ ಸೀಲ್ ಒಡೆಯದೆ ಕಳುಹಿಸಿ, ಬಳಸುವ ಮುನ್ನ ಒಣಗಿಸಲು ಹೇಳಿ.

ಹಂತ 3: ಹೀಟ್ ಟ್ರೀಟ್‌ಮೆಂಟ್

ಸ್ಟ್ರೆಸ್ ಎಂದರೆ ಅಡ್ಡಕೊಯ್ತದ ಪ್ರತಿ ಚದರ ಮಿಲಿಮೀಟರಿಗೆ ಬೀಳುವ ಬಲ. ಲೇಸರ್ ಕ್ಷಣದಲ್ಲಿ ಕರಗಿಸಿದ್ದು ಕ್ಷಣದಲ್ಲಿಯೇ ತಣ್ಣಗಾಗುವುದರಿಂದ ಹೊರಗಿನ ಹೊರೆ ಇಲ್ಲದಿದ್ದರೂ ತುಂಡಿನೊಳಗೆ ಸ್ಟ್ರೆಸ್ ಉಳಿದುಕೊಂಡಿರುತ್ತದೆ. ಅದನ್ನು ತೆಗೆಯುವ ಬಿಸಿಯನ್ನು ತುಂಡುಗಳು ಪ್ಲೇಟಿಗೆ ಅಂಟಿಕೊಂಡಿರುವಾಗಲೇ ಕೊಡಿಸಬೇಕು. ಕತ್ತರಿಸಿದ ಮೇಲೆ ಕೊಟ್ಟರೆ ಅಷ್ಟರಲ್ಲಿ ತುಂಡು ಬಾಗಿರುತ್ತದೆ. ಎಎಲ್‌ಎಸ್‌ಐ10ಎಂಜಿಗೆ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಗಂಟೆ ಎಂಬುದು ರೂಢಿಯಲ್ಲಿದೆ. ಇದರಿಂದ ಲೋಹದೊಳಗಿನ ಸೂಕ್ಷ್ಮ ಸಿಲಿಕಾನ್ ಜಾಲ ಒಡೆದು ಟೆನ್ಸೈಲ್ ಬಲ ಇಳಿಯುತ್ತದೆ ಎಂಬುದನ್ನು ಮೊದಲೇ ತಿಳಿದಿರಿ.

ಟೈಟಾನಿಯಂ 6-4ಕ್ಕೆ ಹಿಪ್ ಎಂಬ ಸಂಸ್ಕಾರವನ್ನು ಮಾಡಿಸುತ್ತಾರೆ. ಸುಮಾರು 920 ಡಿಗ್ರಿಯಲ್ಲಿ 100 ಮೆಗಾಪ್ಯಾಸ್ಕಲ್ ಅನಿಲದ ಒತ್ತಡ ಹಾಕಿ ಒಳಗಿನ ರಂಧ್ರಗಳನ್ನು ಮುಚ್ಚಿಸುವುದು ಇದರ ಉದ್ದೇಶ. ಆದರೆ ಮೇಲ್ಮೈಗೆ ಬಾಯಿ ತೆರೆದಿರುವ ರಂಧ್ರದೊಳಕ್ಕೂ ಅನಿಲವೇ ನುಗ್ಗುವುದರಿಂದ ಅದು ಮುಚ್ಚುವುದಿಲ್ಲ. ಹಿಪ್ ಮಾಡಿಸಿದೆವು, ಇನ್ನು ದೋಷವಿಲ್ಲ ಎಂದು ಬರೆದ ವರದಿಗಳಲ್ಲಿ ಬಿರುಕು ಮೇಲ್ಮೈಯಿಂದಲೇ ಹುಟ್ಟಿರುವುದನ್ನು ಕಾಣಬಹುದು.

ಹಂತ 4: ಮೇಲ್ಮೈ

ನಿಜವಾದ ಬ್ರಾಕೆಟ್ಟನ್ನು ಪಾಲಿಶ್ ಮಾಡದೆ ಬಳಸುವುದಾದರೆ ಪಾಲಿಶ್ ಮಾಡಿದ ತುಂಡಿನ ಫಲಿತಾಂಶ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಮುದ್ರಿಸಿದ ಹಾಗೆಯೇ ಇರುವ ಮೇಲ್ಮೈಯ ಏರಿಳಿತ ಹತ್ತಾರು ಮೈಕ್ರಾನ್ ಇರುತ್ತದೆ. ಇ466 ಬಯಸುವ ನಯಗೊಳಿಸಿದ ತುಂಡಿನ ಸರಾಸರಿ ಒರಟುತನ 0.2 ಮೈಕ್ರಾನಿಗಿಂತ ಹೆಚ್ಚಿರಬಾರದು. ಇವೆರಡರ ದಣಿವಿನ ಬಲ ಒಂದೇ ಗ್ರಾಫಿನಲ್ಲಿ ಸೇರುವಂಥದ್ದಲ್ಲ.

ಇಲ್ಲಿ ಎಡವಿ ಬೀಳಬಹುದಾದ ಎರಡು ಕಡೆಗಳಿವೆ. ಮೊದಲನೆಯದು, ಒರಟು ತುಂಡಿನ ವ್ಯಾಸವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದಾಗ ಅದು ಉಬ್ಬುಗಳ ತುದಿಯನ್ನು ಮಾತ್ರ ಮುಟ್ಟುತ್ತದೆ. ಹೊರೆ ಹೊರುವ ನಿಜವಾದ ಅಡ್ಡಕೊಯ್ತ ಅದಕ್ಕಿಂತ ಸಣ್ಣದು. ಹಾಗಾಗಿ ನೀವು ಲೆಕ್ಕ ಹಾಕಿದ ಸ್ಟ್ರೆಸ್ ನಿಜಕ್ಕಿಂತ ಕಡಿಮೆ ಬರುತ್ತದೆ. ಒಂದು ತುಂಡನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ಅಳೆದು ತಿದ್ದುಪಡಿ ಮಾಡಿಕೊಳ್ಳಿ. ಎರಡನೆಯದು, ಲೇಸರ್ ಅಂಚಿನ ಗೆರೆಯನ್ನು ಬೇರೆಯಾಗಿಯೂ ಒಳಭಾಗವನ್ನು ಬೇರೆಯಾಗಿಯೂ ಕರಗಿಸುವುದರಿಂದ ಅವೆರಡೂ ಸೇರುವಲ್ಲಿ, ಮೇಲ್ಮೈಯಿಂದ ಸ್ವಲ್ಪವೇ ಕೆಳಗೆ, ರಂಧ್ರಗಳು ಸಾಲುಗಟ್ಟಿರುವುದುಂಟು. ಲೇತಿನಲ್ಲಿ ಕಡಿಮೆ ಕಡಿದರೆ ಒಳಗಿದ್ದ ಆ ರಂಧ್ರಗಳು ಸರಿಯಾಗಿ ಮೇಲ್ಮೈಗೆ ಬಂದು ಕೂರುತ್ತವೆ, ತುಂಡು ಮೊದಲಿಗಿಂತ ದುರ್ಬಲವಾಗುತ್ತದೆ. ಪಕ್ಕಕ್ಕೆ ಕನಿಷ್ಠ 1 ಮಿಲಿಮೀಟರ್ ಹೆಚ್ಚುವರಿ ಬಿಟ್ಟು ಮುದ್ರಿಸಿ, ಅದನ್ನು ಪೂರ್ತಿ ತೆಗೆಸಿ.

ಕೊನೆಯ ಎಮರಿ ಪೇಪರ್ ಉಜ್ಜುವಿಕೆ ತುಂಡಿನ ಉದ್ದಕ್ಕೆ ಇರಬೇಕು. ಸುತ್ತ ಉಜ್ಜಿದರೆ ಉಳಿಯುವ ಪ್ರತಿ ಗೀರೂ ಹೊರೆಗೆ ಅಡ್ಡವಾದ ಒಂದು ಸಣ್ಣ ಕಚ್ಚು.

ಹಂತ 5: ಒಳಗಿನ ರಂಧ್ರಗಳು

ನೀರಿನಲ್ಲಿ ಮುಳುಗಿಸಿ ತೂಗುವ ಆರ್ಕಿಮಿಡೀಸ್ ವಿಧಾನದಿಂದ ‘ಸಾಂದ್ರತೆ ಶೇ 99.8’ ಎಂದು ಬಂದರೆ ಅದು ಮುದ್ರಣ ತೀರ ಕೆಟ್ಟಿಲ್ಲ ಎಂದಷ್ಟೇ ಹೇಳುತ್ತದೆ. ದಣಿವಿಗೆ ಬೇಕಾದದ್ದು ಸರಾಸರಿಯಲ್ಲ, ಅತಿ ದೊಡ್ಡ ದೋಷ ಮತ್ತು ಅದು ಇರುವ ಜಾಗ. ಎಕ್ಸ್-ರೇ ಸಿಟಿ ಸ್ಕ್ಯಾನ್ ಮಾಡಿಸಲು ಸಾಧ್ಯವಾದರೆ ಅದರ ಒಂದು ಘನಬಿಂದುವಿನ, ಅಂದರೆ ಮೂರು ಆಯಾಮದ ಚಿತ್ರದ ಅತಿ ಸಣ್ಣ ಚೂರಿನ, ಅಳತೆ ಎಷ್ಟು ಎಂದು ಕೇಳಿ. ದೋಷವೊಂದು ಹಲವು ಘನಬಿಂದುಗಳಷ್ಟು ಅಗಲವಿದ್ದರೆ ಮಾತ್ರ ನಂಬಿಕೆಯಿಂದ ಕಾಣಿಸುತ್ತದೆ. ತೆಳುವಾದ, ಬಾಯಿ ಮುಚ್ಚಿದ ಕರಗದ ದೋಷ ತಪ್ಪಿಸಿಕೊಳ್ಳುತ್ತದೆ. ಸ್ಕ್ಯಾನಿಗೆ ಹಣವಿಲ್ಲದಿದ್ದರೆ ಚಿಂತೆ ಬೇಡ, ಹಂತ 8ರಲ್ಲಿ ಮುರಿದ ಮುಖವೇ ಆ ದೋಷವನ್ನು ತೋರಿಸುತ್ತದೆ.

ಹಂತ 6: ಎಸ್-ಎನ್ ಪರೀಕ್ಷೆ

ಹಲವು ಕಾಲೇಜುಗಳಲ್ಲಿ ತಿರುಗುವ ದಂಡವನ್ನು ಬಗ್ಗಿಸಿ ದಣಿಸುವ ಯಂತ್ರವಿರುತ್ತದೆ. ನಿಮಿಷಕ್ಕೆ 3,000 ಸುತ್ತಿನಲ್ಲಿ ಅದು 1 ಕೋಟಿ ಸೈಕಲ್ಲನ್ನು ಸುಮಾರು 56 ಗಂಟೆಯಲ್ಲಿ ಮುಗಿಸುತ್ತದೆ, ಖರ್ಚೂ ಕಡಿಮೆ. ಆದರೆ ಬಗ್ಗುವಾಗ ಗರಿಷ್ಠ ಸ್ಟ್ರೆಸ್ ಮೇಲ್ಮೈಯಲ್ಲಿ ಮಾತ್ರ ಇದ್ದು ನಡುವಿನಲ್ಲಿ ಶೂನ್ಯವಾಗಿರುವುದರಿಂದ ಒಳಗಿನ ದೋಷಗಳಿಗೆ ಪರೀಕ್ಷೆಯೇ ಆಗುವುದಿಲ್ಲ, ಫಲಿತಾಂಶ ಅಕ್ಷದ ಗುಂಟ ಎಳೆದ ತುಂಡಿಗಿಂತ ಚೆನ್ನಾಗಿ ಕಾಣುತ್ತದೆ. ಬಳಸಿ, ಆದರೆ ಯಾವ ಯಂತ್ರ ಎಂದು ಗ್ರಾಫಿನ ಮೇಲೆಯೇ ಬರೆಯಿರಿ.

ಅಕ್ಷದ ಗುಂಟ ಎಳೆಯುವ ಪರೀಕ್ಷೆಯಲ್ಲಿ ಮೊದಲು ಆರ್ ಅನುಪಾತ ನಿರ್ಧರಿಸಿ. ಕನಿಷ್ಠ ಹೊರೆಯನ್ನು ಗರಿಷ್ಠ ಹೊರೆಯಿಂದ ಭಾಗಿಸಿದರೆ ಆರ್ ಬರುತ್ತದೆ; ಎಳೆತ ಮತ್ತು ಒತ್ತುವಿಕೆ ಸಮಸಮವಾದರೆ ಅದು ಋಣ 1, ಎಳೆತ ಮಾತ್ರವಾದರೆ ಸಾಮಾನ್ಯವಾಗಿ 0.1. ಬೇರೆ ಬೇರೆ ಆರ್ ಅನುಪಾತದ ಅಂಕಿಗಳನ್ನು ನೇರವಾಗಿ ಹೋಲಿಸಬಾರದು. ಸೆಕೆಂಡಿಗೆ 20 ಸೈಕಲ್ಲಿನಲ್ಲಿ 1 ಕೋಟಿ ಮುಟ್ಟಲು 5 ದಿನ 19 ಗಂಟೆ ಬೇಕಾಗುವುದರಿಂದ ಯಂತ್ರದ ಸಮಯವನ್ನು ಇದೇ ಲೆಕ್ಕದಲ್ಲಿ ಕೇಳಿ.

ತುಂಡನ್ನು ಗ್ರಿಪ್ಪಿನಲ್ಲಿ ಓರೆಯಾಗಿ ಹಿಡಿದರೆ ಎಳೆತದ ಜೊತೆ ಬಾಗುವಿಕೆಯೂ ಸೇರಿಕೊಳ್ಳುತ್ತದೆ. ಲೋಹ ಎಷ್ಟು ಹಿಗ್ಗಿತೆಂದು ಅಳೆಯುವ ಸ್ಟ್ರೇನ್ ಗೇಜ್ ಅಂಟಿಸಿದ ತುಂಡಿನಿಂದ ಪರಿಶೀಲಿಸಿ, ಬಾಗುವಿಕೆ ಶೇ 5ರ ಒಳಗಿದೆ ಎಂದು ಖಚಿತಪಡಿಸಿಕೊಳ್ಳಿ. ತುಂಡುಗಳನ್ನು ಚೀಟಿ ಎತ್ತಿದ ಕ್ರಮದಲ್ಲಿ ಪರೀಕ್ಷಿಸಿ. ಪ್ಲೇಟಿನ ಎಡಗಡೆಯವನ್ನೆಲ್ಲ ಹೆಚ್ಚಿನ ಹೊರೆಗೆ, ಬಲಗಡೆಯವನ್ನೆಲ್ಲ ಕಡಿಮೆ ಹೊರೆಗೆ ಹಾಕಿದರೆ ಜಾಗದ ಪರಿಣಾಮ ಹೊರೆಯ ಪರಿಣಾಮದಂತೆ ವೇಷ ಹಾಕುತ್ತದೆ. ಗ್ರಿಪ್ಪಿನೊಳಗೆ ಮುರಿದ ತುಂಡನ್ನು ಲೆಕ್ಕಕ್ಕೆ ಸೇರಿಸಬೇಡಿ, ಆದರೆ ಮುರಿಯಿತೆಂದು ದಾಖಲಿಸಿ. 1 ಕೋಟಿಗೆ ಮುರಿಯದೆ ಉಳಿದ ತುಂಡನ್ನು ಬಾಣದ ಗುರುತಿನಿಂದ ತೋರಿಸಿ. ಅದನ್ನೇ ಹೆಚ್ಚಿನ ಹೊರೆಗೆ ಹಾಕಿ ಮುರಿದು ಹೊಸ ಚುಕ್ಕೆಯೆಂದು ಎಣಿಸಬೇಡಿ.

ಹಂತ 7: ಬಿರುಕು ಬೆಳವಣಿಗೆ

ಹೆಚ್ಚು ಜನ ಎಡವುವುದು ಇಲ್ಲಿ. ಬಿರುಕಿನ ತುದಿಯಲ್ಲಿ ಸ್ಟ್ರೆಸ್ ಎಷ್ಟು ತೀವ್ರವಾಗಿದೆ ಎಂಬುದರ ಅಳತೆಗೆ ಕೆ ಎಂದು ಹೆಸರು; ಹೊರೆ, ಬಿರುಕಿನ ಉದ್ದ, ತುಂಡಿನ ಆಕಾರ ಮೂರೂ ಅದರಲ್ಲಿ ಸೇರಿವೆ. ಒಂದು ಸೈಕಲ್ಲಿನಲ್ಲಿ ಅದರ ಏರಿಳಿತವೇ ಡೆಲ್ಟಾ ಕೆ. ಡೆಲ್ಟಾ ಕೆ ಮತ್ತು ಬೆಳವಣಿಗೆಯ ದರವನ್ನು ಲಾಗ್ ಅಳತೆಯಲ್ಲಿ ಗುರುತಿಸಿದರೆ ನಡುವಿನ ಭಾಗ ನೇರ ಗೆರೆಯಾಗುತ್ತದೆ. 1960ರ ದಶಕದ ಆರಂಭದಲ್ಲಿ ಪಾಲ್ ಪ್ಯಾರಿಸ್ ಮುಂದಿಟ್ಟ ಈ ಸಂಬಂಧವನ್ನು ಪ್ಯಾರಿಸ್ ನಿಯಮವೆನ್ನುತ್ತಾರೆ. ಆ ಗೆರೆಯ ಇಳಿಜಾರು 3 ಆಗಿದ್ದರೆ ಡೆಲ್ಟಾ ಕೆ ಶೇ 10 ಹೆಚ್ಚಿದಾಗ ದರ ಶೇ 33 ಹೆಚ್ಚುತ್ತದೆ. ಹೊರೆ ಅಳೆಯುವ ಲೋಡ್ ಸೆಲ್ಲಿನ ಸಣ್ಣ ತಪ್ಪೂ ಹೀಗೆ ಹಿಗ್ಗುತ್ತದೆ.

ಸಿಟಿ ತುಂಡು, ಅಂದರೆ ಎರಡು ಪಿನ್ ತೂತುಗಳಿಂದ ಎಳೆಯುವ ಚೌಕದಂಥ ಕಾಂಪ್ಯಾಕ್ಟ್ ಟೆನ್ಷನ್ ತುಂಡನ್ನು ಬಳಸಿ. ಪಿನ್ನಿನ ಗೆರೆಯಿಂದ ಹಿಂದಿನ ಅಂಚಿಗೆ ಅಗಲ 50 ಮಿಲಿಮೀಟರ್ ಇದ್ದರೆ ದಪ್ಪ 2.5ರಿಂದ 12.5 ಮಿಲಿಮೀಟರ್ ಒಳಗಿರಬೇಕು, ಕಚ್ಚಿನ ಉದ್ದ 10 ಮಿಲಿಮೀಟರಿಗೆ ಕಡಿಮೆಯಿರಬಾರದು. ಕಚ್ಚನ್ನು ವೈರ್ ಕಟ್ಟಿನಲ್ಲಿ, ಅಂದರೆ ತಂತಿಯ ವಿದ್ಯುತ್ ಕಿಡಿಯಿಂದ ಲೋಹ ಕೊಯ್ಯುವ ಯಂತ್ರದಲ್ಲಿ, ಮಾಡಿಸಿ. ಕಚ್ಚು ಹಾಕುವ ಮುನ್ನ ಮತ್ತು ಹಾಕಿದ ಮೇಲೆ ಬಾಯಿಯ ಎರಡು ಗುರುತುಗಳ ಅಂತರವನ್ನು ಅಳೆಯಿರಿ. ಬಾಯಿ ಅಗಲವಾದರೂ ಕಿರಿದಾದರೂ ಒಳಗೆ ಸ್ಟ್ರೆಸ್ ಇನ್ನೂ ಉಳಿದಿದೆ ಎಂದರ್ಥ, ಅಂಥ ತುಂಡಿನಲ್ಲಿ ಬಿರುಕಿನ ತುದಿಗೆ ಸಿಗುವ ಡೆಲ್ಟಾ ಕೆ ನೀವು ಲೆಕ್ಕ ಹಾಕಿದ್ದಲ್ಲ. ಐದು ನಿಮಿಷದ ಈ ಅಳತೆಯನ್ನು ಬಿಡುವವರೇ ಹೆಚ್ಚು.

ವೈರ್ ಕಟ್ಟಿನ ಕಚ್ಚು ಬಿರುಕಲ್ಲ. ಸಣ್ಣ ಹೊರೆಯಲ್ಲಿ ಸೈಕಲ್ ಓಡಿಸಿ ಅದರ ತುದಿಯಲ್ಲಿ ನಿಜವಾದ ಬಿರುಕನ್ನು ಹುಟ್ಟಿಸಬೇಕು. ಅದರ ಉದ್ದ ದಪ್ಪದ ಹತ್ತನೇ ಒಂದು ಭಾಗ, ಕಚ್ಚಿನ ಎತ್ತರ, 1 ಮಿಲಿಮೀಟರ್ ಇವುಗಳಲ್ಲಿ ಯಾವುದು ದೊಡ್ಡದೋ ಅದಕ್ಕಿಂತ ಕಡಿಮೆಯಿರಬಾರದು. ಈ ಹಂತದ ಕೊನೆಯ ಗರಿಷ್ಠ ಕೆ ಪರೀಕ್ಷೆಯ ಆರಂಭದ ಗರಿಷ್ಠ ಕೆಯನ್ನು ಮೀರಬಾರದು; ಹೊರೆಯನ್ನು ಇಳಿಸುವಾಗ ಒಮ್ಮೆಗೆ ಶೇ 20ಕ್ಕಿಂತ ಹೆಚ್ಚು ಇಳಿಸಬಾರದು. ಬಿರುಕಿನ ಉದ್ದವನ್ನು ಬಾಯಿಗೆ ಸಿಕ್ಕಿಸುವ ಕ್ಲಿಪ್ ಗೇಜಿನಿಂದ ಅಳೆಯಿರಿ, ನಡುನಡುವೆ ಎರಡೂ ಮುಖಗಳಲ್ಲಿ ಸೂಕ್ಷ್ಮದರ್ಶಕದಿಂದ ತಾಳೆ ನೋಡಿ. ಎರಡು ಮುಖಗಳ ಉದ್ದದಲ್ಲಿ ದಪ್ಪದ ಕಾಲು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ಅಥವಾ ಬಿರುಕು ನಡುಗೆರೆಯಿಂದ 20 ಡಿಗ್ರಿಗಿಂತ ಹೆಚ್ಚು ತಿರುಗಿ ಓಡಿದರೆ ಆ ಅಂಕಿ ಇ647ರ ಪ್ರಕಾರ ಅಮಾನ್ಯ. ಪದರದ ಗುಂಟ ಓಡಬಯಸುವ ಮುದ್ರಿತ ಲೋಹದಲ್ಲಿ ಈ ತಿರುಗುವಿಕೆಗೆ ಸಿದ್ಧರಾಗಿರಿ.

ಬಿರುಕು ಪ್ರಾಯೋಗಿಕವಾಗಿ ನಿಂತೇಬಿಡುವ ಡೆಲ್ಟಾ ಕೆಗೆ ಹೊಸ್ತಿಲು ಎನ್ನೋಣ. ಸೈಕಲ್ಲಿಗೆ 0.1 ನ್ಯಾನೊಮೀಟರ್ ದರಕ್ಕೆ ಇಳಿದಾಗ ಅದು ಸಿಕ್ಕಿತೆಂದು ಲೆಕ್ಕ. ಹೊರೆಯನ್ನು ನಿಧಾನವಾಗಿ ಇಳಿಸುತ್ತ ಅಲ್ಲಿಗೆ ತಲುಪಬೇಕು. ಅವಸರದಲ್ಲಿ ಇಳಿಸಿದರೆ, ಅಥವಾ ಬಿರುಕಿನ ಒರಟು ಗೋಡೆಗಳು ಹೊರೆ ಪೂರ್ತಿ ಇಳಿಯುವ ಮೊದಲೇ ಒಂದಕ್ಕೊಂದು ತಾಗಿದರೆ, ಹೊಸ್ತಿಲು ನಿಜಕ್ಕಿಂತ ಎತ್ತರವಾಗಿ ತೋರುತ್ತದೆ. ವಿನ್ಯಾಸಕಾರನಿಗೆ ಇದು ಅಪಾಯದ ಕಡೆಗೆ ಆಗುವ ತಪ್ಪು. ಮೊದಲ ಪ್ರಾಜೆಕ್ಟಿನಲ್ಲಿ ಹೊಸ್ತಿಲಿಗೆ ಕೈಹಾಕದೆ, ಸೈಕಲ್ಲಿಗೆ 10 ನ್ಯಾನೊಮೀಟರಿಗಿಂತ ಮೇಲಿನ ದರದಲ್ಲಿ, ಹೊರೆಯ ಏರಿಳಿತ ಬದಲಿಸದೆ ನಡೆಸುವ ಪರೀಕ್ಷೆಯನ್ನಷ್ಟೇ ಅಚ್ಚುಕಟ್ಟಾಗಿ ಮಾಡಿ ಎಂಬುದು ನನ್ನ ಅಭಿಪ್ರಾಯ.

ಜಿಲ್ಲೆಯೊಳಗೇ ಯಂತ್ರ ಸಿಕ್ಕವರಿಗೆ ಎರಡು ಮಾತು. ಅಲ್ಯೂಮಿನಿಯಂನಲ್ಲಿ ಬಿರುಕು ಒಣ ಗಾಳಿಗಿಂತ ತೇವದ ಗಾಳಿಯಲ್ಲಿ ವೇಗವಾಗಿ ಬೆಳೆಯುತ್ತದೆ, ಏಕೆಂದರೆ ನೀರಾವಿ ಬಿರುಕಿನ ತುದಿಯ ಹೊಸ ಲೋಹದೊಂದಿಗೆ ವರ್ತಿಸಿ ಬಿಡುವ ಹೈಡ್ರೋಜನ್ ಅಲ್ಲಿನ ಲೋಹವನ್ನು ಪೆಡಸು ಮಾಡುತ್ತದೆ. ಆದ್ದರಿಂದ ಜುಲೈ ತಿಂಗಳ ಮಳೆಯಲ್ಲಿ ಮಾಡಿದ ಪರೀಕ್ಷೆಯನ್ನು ಫೆಬ್ರವರಿಯ ಒಣ ಹವೆಯಲ್ಲಿ ಮಾಡಿದ್ದರೊಂದಿಗೆ ಹೋಲಿಸುವ ಮೊದಲು ತೇವಾಂಶದ ದಾಖಲೆ ನೋಡಬೇಕು. ಕೊಠಡಿಯಲ್ಲಿ ತೇವಮಾಪಕ ಇಟ್ಟು ಗಂಟೆಗೊಮ್ಮೆ ದಾಖಲಾಗುವಂತೆ ಮಾಡಿ. ಇನ್ನೊಂದು, ವಿದ್ಯುತ್ತು. ಮರ ಬಿದ್ದು ಲೈನ್ ಹೋದಾಗ ನಿಯಂತ್ರಕಕ್ಕೆ ಯುಪಿಎಸ್ ಇಲ್ಲದಿದ್ದರೆ ಯಂತ್ರ ನಿಲ್ಲುವ ಅಥವಾ ಮರಳಿ ಚಾಲೂ ಆಗುವ ಕ್ಷಣದಲ್ಲಿ ಹೊರೆ ಒಮ್ಮೆ ಜಿಗಿಯಬಹುದು. ಆ ಒಂದು ಜಿಗಿತ ಬಿರುಕಿನ ತುದಿಯ ಲೋಹವನ್ನು ಹೆಚ್ಚು ಹಿಗ್ಗಿಸಿ, ನಂತರದ ಸಾವಿರಾರು ಸೈಕಲ್ ಬಿರುಕು ನಿಧಾನವಾಗಿ ಬೆಳೆಯುವಂತೆ ಮಾಡುತ್ತದೆ. ಹೊರೆಯ ಮಿತಿ ಮೀರಿದರೆ ತಾನಾಗಿ ನಿಲ್ಲುವ ವ್ಯವಸ್ಥೆಯನ್ನು ಮೊದಲೇ ಹೊಂದಿಸಿ, ನಿಲುಗಡೆಯಾದ ಸೈಕಲ್ ಸಂಖ್ಯೆ ಬರೆದಿಡಿ, ಅದರ ನಂತರ ದರ ಕುಗ್ಗಿ ಮತ್ತೆ ಸರಿಹೋಗುವವರೆಗಿನ ಅಂಕಿಗಳನ್ನು ಕೈಬಿಡಿ.

ಹಂತ 8: ಮುರಿದ ಮುಖವನ್ನು ಓದುವುದು

ಮುರಿದ ಎರಡು ಮುಖಗಳನ್ನು ಮತ್ತೆ ಜೋಡಿಸಿ ನೋಡುವ ಆಸೆಯನ್ನು ತಡೆದುಕೊಳ್ಳಿ. ಉಜ್ಜಿದರೆ ಗುರುತುಗಳು ಅಳಿಸಿಹೋಗುತ್ತವೆ. ಬೆರಳು ತಾಗಿಸದೆ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಉಕ್ಕಿನ ತುಂಡಾದರೆ ಮಳೆಗಾಲದಲ್ಲಿ ಒಂದು ರಾತ್ರಿ ಹೊರಗಿಟ್ಟರೂ ತುಕ್ಕು ಹಿಡಿಯುತ್ತದೆ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬಿರುಕು ಹುಟ್ಟಿದ ದೋಷವನ್ನು ಹುಡುಕಿ, ಅದರ ಕ್ಷೇತ್ರಫಲ ಅಳೆದು ವರ್ಗಮೂಲ ತೆಗೆಯಿರಿ. ಜಪಾನಿನ ಯುಕಿತಾಕಾ ಮುರಕಾಮಿ ಕೊಟ್ಟ ಸೂತ್ರದಂತೆ, ಆರ್ ಋಣ 1 ಇದ್ದು ದೋಷ ಮೇಲ್ಮೈಯಲ್ಲಿದ್ದರೆ, ವಿಕರ್ಸ್ ಗಡಸುತನಕ್ಕೆ (ವಜ್ರದ ಮೊನೆ ಒತ್ತಿ ಅಳೆಯುವ ಗಡಸುತನದ ಅಂಕಿಗೆ) 120 ಸೇರಿಸಿ, 1.43ರಿಂದ ಗುಣಿಸಿ, ಮೈಕ್ರಾನಿನಲ್ಲಿರುವ ಆ ವರ್ಗಮೂಲದ ಆರನೇ ಮೂಲದಿಂದ ಭಾಗಿಸಿದರೆ ದಣಿವಿನ ಮಿತಿಯ ಅಂದಾಜು ಮೆಗಾಪ್ಯಾಸ್ಕಲಿನಲ್ಲಿ ಬರುತ್ತದೆ. ಗಡಸುತನ 350 ಇರುವ ಟೈಟಾನಿಯಂನಲ್ಲಿ ದೋಷ 100 ಮೈಕ್ರಾನ್ ಆದರೆ ಸುಮಾರು 312, 200 ಮೈಕ್ರಾನ್ ಆದರೆ ಸುಮಾರು 278. ದೋಷ ಇಮ್ಮಡಿಯಾದರೂ ಇಳಿತ ಶೇ 11 ಮಾತ್ರ ಎಂಬುದನ್ನು ಗಮನಿಸಿ. ಸೂತ್ರ ಮುಖ್ಯವಾಗಿ ಉಕ್ಕಿನ ಅಂಕಿಗಳಿಂದ ಬಂದಿರುವುದರಿಂದ ಅಲ್ಯೂಮಿನಿಯಂಗೆ ಅದನ್ನು ತಾಳೆ ನೋಡಲು ಬಳಸಿ, ವಿನ್ಯಾಸಕ್ಕೆ ಬಳಸಬೇಡಿ. ಗ್ರಾಫಿನಲ್ಲಿ ವಿಪರೀತ ಬೇಗ ಮುರಿದ ಚುಕ್ಕೆಯನ್ನು ಅಳಿಸುವ ಮೊದಲು ಅದರ ಮುಖ ನೋಡಿ: ಅಲ್ಲಿ ದೊಡ್ಡ ದೋಷ ಕಂಡರೆ ಆ ಚುಕ್ಕೆಯೇ ನಿಮ್ಮ ಅತ್ಯಂತ ಮುಖ್ಯವಾದ ಫಲಿತಾಂಶ.

ಹಂತ 9: ವರದಿ

ಗ್ರಾಫಿಗಿಂತ ಮೊದಲು ತುಂಡುಗಳ ಪಟ್ಟಿ ಬರಲಿ. ಪ್ರತಿ ಸಾಲಿನಲ್ಲಿ ತುಂಡಿನ ಸಂಖ್ಯೆ, ಪ್ಲೇಟಿನಲ್ಲಿನ ಜಾಗ, ದಿಕ್ಕು, ಹೀಟ್ ಟ್ರೀಟ್‌ಮೆಂಟ್, ಮೇಲ್ಮೈ, ಆರ್, ಸೆಕೆಂಡಿಗೆ ಸೈಕಲ್, ತೇವಾಂಶ, ಮುರಿದ ಸೈಕಲ್, ಬಿರುಕು ಹುಟ್ಟಿದ ಜಾಗ ಮತ್ತು ದೋಷದ ಅಳತೆ ಇರಬೇಕು. ಬಿರುಕು ಪರೀಕ್ಷೆಗೆ ಉದ್ದ ಮತ್ತು ಸೈಕಲ್ಲಿನ ಕಚ್ಚಾ ಅಂಕಿಗಳನ್ನು ಅನುಬಂಧದಲ್ಲಿ ಕೊಡಿ, ದರ ಲೆಕ್ಕ ಹಾಕಿದ ವಿಧಾನ ಯಾವುದೆಂದು ಹೇಳಿ. ಬ್ರಾಕೆಟ್ಟಿನ ಆಯುಸ್ಸನ್ನು ಅಂದಾಜು ಮಾಡುವಾಗ ಗ್ರಾಫಿನ ನಡುಗೆರೆಯನ್ನು ಬಳಸಬೇಡಿ. ಆ ಗೆರೆಯಲ್ಲಿ ಅರ್ಧದಷ್ಟು ತುಂಡುಗಳು ಅದಕ್ಕೂ ಮೊದಲೇ ಮುರಿದಿರುತ್ತವೆ. ಇ739ರಲ್ಲಿ ಹೇಳಿದಂತೆ ಅಂಕಿಗಳ ಚದುರುವಿಕೆಯನ್ನು ಲೆಕ್ಕ ಹಾಕಿ, ಅದಕ್ಕೆ ತಕ್ಕಷ್ಟು ಕೆಳಗಿನ ಗೆರೆಯನ್ನು ತೆಗೆದುಕೊಳ್ಳಿ. ಮುರಿದ ತುಂಡುಗಳನ್ನು ಸಂಖ್ಯೆ ಬರೆದ ಡಬ್ಬಿಗಳಲ್ಲಿ, ವೈವಾ ಮುಗಿದ ಮೇಲೂ ಮುಂದಿನ ತಂಡಕ್ಕೆ ಸಿಗುವಂತೆ ಲ್ಯಾಬಿನಲ್ಲಿಯೇ ಬಿಡಿ, ಸಿಲಿಕಾ ಜೆಲ್ಲನ್ನು ಪ್ರತಿ ಮಳೆಗಾಲಕ್ಕೆ ಮುನ್ನ ಬದಲಿಸಿ.